ಜ್ಯೂರಿ ಕಾಗದ ಬಂದರೆ ಹೆದರಬೇಡಿ, ಎಸೆಯಲೂ ಬೇಡಿ

ಅತ್ತಿಗೆ, ಮೊದಲು ನೀವು ಗಾಬರಿ ಬಿಡಿ. ಪುಟ್ಟ ಏನೂ ತಪ್ಪು ಮಾಡಿಲ್ಲ. ಬೆಳಿಗ್ಗೆ ಅವನು ನಮ್ಮ ವಾಟ್ಸಾಪ್ ಗ್ರೂಪಿಗೆ ಹಾಕಿದ ಕಾಗದದ ಮೇಲೆ ಸುಪೀರಿಯರ್ ಕೋರ್ಟ್ (ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೇಸುಗಳ ವಿಚಾರಣೆ ನಡೆಸುವ ಕೋರ್ಟು) ಅಂತ ದೊಡ್ಡದಾಗಿ ಇದ್ದದ್ದು ನೋಡಿ ನಿಮ್ಮ ಎದೆ ಧಸಕ್ ಅಂದಿರಬೇಕು. ನಮ್ಮ ಮನೆಯಲ್ಲಿ ಕೋರ್ಟು ಅಂದರೆ ಅಜ್ಜನ ಗದ್ದೆ ಕೇಸೇ ನೆನಪಿಗೆ ಬರುವುದು. ಗೆದ್ದವನು ಸೋತ, ಸೋತವನು ಸತ್ತ ಅಂತ ಅಜ್ಜಿ ಹೇಳುತ್ತಿದ್ದಳಲ್ಲ. ಇದು ಆ ತರಹದ್ದಲ್ಲ. ಇವನ ಮೇಲೆ ಕೇಸಿಲ್ಲ, ಬೇರೆಯವರ ಕೇಸನ್ನು ಕೂತು ಕೇಳಿ ತೀರ್ಮಾನ ಹೇಳುವುದಕ್ಕೆ ಬನ್ನಿ ಅಂತ ಕರೆದಿದ್ದಾರೆ. ಹಾಗೆ ಕೂರುವ ಸಾಮಾನ್ಯ ಜನರ ಗುಂಪಿಗೇ ಜ್ಯೂರಿ ಅನ್ನುವುದು.

ಅಲ್ಲಿ ಭಾರತದಲ್ಲಿ ಜಡ್ಜ್ ಒಬ್ಬರೇ ಎಲ್ಲ ಕೇಳಿ ತೀರ್ಪು ಕೊಡುತ್ತಾರೆ. ನಮ್ಮ ದೇಶದಲ್ಲೂ ಮೊದಲು ಜ್ಯೂರಿ ಇತ್ತು. 1959ರ ನಾನಾವತಿ ಕೇಸು ಅಪ್ಪ ಹೇಳುತ್ತಿದ್ದದ್ದು ನೆನಪಿರಬೇಕು, ನೌಕಾಪಡೆಯ ಅಧಿಕಾರಿ ಹೆಂಡತಿಯ ಗೆಳೆಯನನ್ನು ಗುಂಡಿಟ್ಟು ಕೊಂದದ್ದು. ಜ್ಯೂರಿಯವರು ತಪ್ಪಿಲ್ಲ ಅಂದರು, ಬಾಂಬೆ ಹೈಕೋರ್ಟ್ ಅದನ್ನು ತಿರುಗಿಸಿ ಶಿಕ್ಷೆ ಕೊಟ್ಟಿತು. ಆಮೇಲೆ ನಿಧಾನವಾಗಿ ಆ ಪದ್ಧತಿಯೇ ಹೋಯಿತು, 1973ರಲ್ಲಿ ಬಂದ ಹೊಸ ಕ್ರಿಮಿನಲ್ ಕಾನೂನಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದರೆ ಇಲ್ಲಿ ಅಮೆರಿಕದಲ್ಲಿ 1791ರಿಂದ ಸಂವಿಧಾನದ ಆರನೇ ತಿದ್ದುಪಡಿಯಲ್ಲೇ ಇದೆ, ಅಪರಾಧದ ಆರೋಪ ಹೊತ್ತವನು ಸಾಮಾನ್ಯ ಜನರ ಮುಂದೆ ವಿಚಾರಣೆ ಕೇಳಬಹುದು ಅಂತ.

ಈಗ ಪುಟ್ಟ, ನಿನ್ನ ವಿಷಯ. ನಿನ್ನದು ಗ್ರೀನ್ ಕಾರ್ಡ್, ಅಂದರೆ ಇಲ್ಲಿ ಕಾಯಂ ಇರುವುದಕ್ಕೆ ಅನುಮತಿ ಅಷ್ಟೇ, ಪೌರತ್ವ ಅಲ್ಲ. ಜ್ಯೂರಿಯಲ್ಲಿ ಕೂರಬೇಕಾದರೆ ಸಿಟಿಜನ್ ಆಗಿರಬೇಕು, ಹಾಗಾಗಿ ನೀನು ಹೋಗುವ ಹಾಗಿಲ್ಲ. ಆದರೆ ಕಸಕ್ಕೆ ಹಾಕು ಅಂತ ನಿನ್ನ ರೂಮ್‌ಮೇಟ್ ಹೇಳಿದ್ದನ್ನು ಕೇಳಿ ಕಾಗದವನ್ನು ಎಸೆಯಬೇಡ. ಅದರಲ್ಲಿ "ನಾನು ಅಮೆರಿಕದ ಪ್ರಜೆ ಅಲ್ಲ" ಅನ್ನುವ ಜಾಗ ಇರುತ್ತದೆ. ಅಲ್ಲಿ ಟಿಕ್ ಮಾಡು, ಸಹಿ ಹಾಕು, ವಾಪಸ್ ಕಳಿಸು, ಒಂದು ಫೋಟೋ ತೆಗೆದು ಇಟ್ಟುಕೋ. ಐದು ನಿಮಿಷದ ಕೆಲಸ. ನನ್ನ ಹೆಸರು ಅವರಿಗೆ ಹೇಗೆ ಸಿಕ್ಕಿತು ಅಂತ ನೀನು ಕೇಳಿದ್ದೆ ಅಲ್ವಾ? ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದ ಬರುತ್ತದೆ, ವೋಟರ್ ಪಟ್ಟಿಯಿಂದ ಬರುತ್ತದೆ, ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ರಾಜ್ಯಕ್ಕೆ ಟ್ಯಾಕ್ಸ್ ರಿಟರ್ನ್ ಹಾಕುವವರ ಪಟ್ಟಿಯನ್ನೂ ಸೇರಿಸಿದ್ದಾರೆ. ಲೈಸೆನ್ಸ್ ಮತ್ತು ಟ್ಯಾಕ್ಸ್ ಪಟ್ಟಿಗಳಲ್ಲಿ ಸಿಟಿಜನ್ ಅಲ್ಲದವರೂ ಇರುತ್ತಾರೆ, ಅದಕ್ಕೇ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿರುವ ನಮ್ಮ ಹುಡುಗರಿಗೂ ಈ ಕಾಗದ ಬರುತ್ತದೆ.

ಇದನ್ನು ಇಲ್ಲಿರುವ ಎಲ್ಲ ಹುಡುಗರೂ ಸರಿಯಾಗಿ ಕೇಳಿಸಿಕೊಳ್ಳಿ. ಅವಸರದಲ್ಲಿ, ಓದದೆ, "ಹೌದು ನಾನು ಸಿಟಿಜನ್" ಅಂತ ಎಲ್ಲೂ ಟಿಕ್ ಮಾಡಬೇಡಿ. ಜ್ಯೂರಿ ಫಾರ್ಮಿನಲ್ಲಿ ಇರಲಿ, ಲೈಸೆನ್ಸ್ ಆಫೀಸಿನಲ್ಲಿ ಇರಲಿ. 1993ರ ಒಂದು ಕಾನೂನಿನಿಂದಾಗಿ ಲೈಸೆನ್ಸ್ ಮಾಡಿಸುವ ಜಾಗದಲ್ಲೇ ವೋಟರ್ ನೋಂದಣಿಯೂ ಆಗುತ್ತದೆ, ಅಲ್ಲಿ ಸ್ಕ್ರೀನಿನ ಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತಾ ಹೋಗುತ್ತದೆ, ಕ್ಯೂನಲ್ಲಿ ಹಿಂದೆ ಜನ ನಿಂತಿರುತ್ತಾರೆ, ನಾವು ಸುಮ್ನೆ ಎಸ್ ಎಸ್ ಅಂತ ಒತ್ತಿಬಿಡುತ್ತೇವೆ. ಪ್ರಜೆ ಅಲ್ಲದವರು ಪ್ರಜೆ ಅಂತ ಹೇಳಿಕೊಳ್ಳುವುದನ್ನು 1996ರ ಕಾನೂನು ಬಹಳ ಗಟ್ಟಿಯಾಗಿ ಹಿಡಿಯುತ್ತದೆ. ಗ್ರೀನ್ ಕಾರ್ಡ್ ಇದ್ದವರನ್ನೂ ದೇಶದಿಂದ ಕಳಿಸುವುದಕ್ಕೆ ಅದು ಕಾರಣ ಆಗಬಹುದು. ಮುಂದೆ ಪೌರತ್ವಕ್ಕೆ ಅರ್ಜಿ ಹಾಕುವಾಗ ಆ ಫಾರ್ಮಿನಲ್ಲಿ ನೇರವಾಗಿ ಕೇಳುತ್ತಾರೆ, ನೀವು ಯಾವತ್ತಾದರೂ ಅಮೆರಿಕದ ಪ್ರಜೆ ಅಂತ ಹೇಳಿಕೊಂಡಿದ್ದೀರಾ, ವೋಟಿಗೆ ಹೆಸರು ನೋಂದಾಯಿಸಿದ್ದೀರಾ ಅಂತ. ಈಗಾಗಲೇ ಯಾರಾದರೂ ಹಾಗೆ ಒತ್ತಿದ್ದರೆ ಮುಚ್ಚಿಡಬೇಡಿ, ಇಮಿಗ್ರೇಷನ್ ವಕೀಲರ ಹತ್ತಿರ ಹೋಗಿ. ವಾಟ್ಸಾಪ್ ಗ್ರೂಪಿನಲ್ಲಿ ಸಲಹೆ ಕೇಳುವ ವಿಷಯ ಅದಲ್ಲ.

ಇನ್ನು ಸಣ್ಣಣ್ಣ. ನೀನು ಸಿಟಿಜನ್ ಆಗಿ ಹನ್ನೊಂದು ವರ್ಷ ಆಯಿತು. ಮೂರು ಸಲ ಕಾಗದ ಬಂದರೂ ಏನೋ ಒಂದು ಹೇಳಿ ತಪ್ಪಿಸಿಕೊಂಡೆ ಅಂತ ಬರೆದಿದ್ದೀಯ, ಜಡ್ಜ್ ಮುಂದೆ "ನನಗೆ ಪೊಲೀಸರನ್ನು ಕಂಡರೆ ಆಗುವುದಿಲ್ಲ" ಅಂದರೆ ಸಾಕು ಬಿಟ್ಟುಬಿಡುತ್ತಾರೆ ಅಂತ ಹುಡುಗರಿಗೂ ಹೇಳಿಕೊಟ್ಟಿದ್ದೀಯ. ನನಗೆ ಅದು ಬೇಸರ ಆಯಿತು, ಅದಕ್ಕೇ ಇಷ್ಟು ಉದ್ದ ಹೇಳುತ್ತಿದ್ದೇನೆ. ನಾವಿಬ್ಬರೂ ಸಿಟಿಜನ್ ಪರೀಕ್ಷೆಗೆ ಫೋನಿನಲ್ಲಿ ಒಟ್ಟಿಗೆ ಓದಿದ್ದು ಮರೆತೆಯಾ? ಆ ನೂರು ಪ್ರಶ್ನೆಗಳಲ್ಲಿ ಒಂದಿತ್ತು, ಪ್ರಜೆಗಳಿಗೆ ಮಾತ್ರ ಇರುವ ಒಂದು ಜವಾಬ್ದಾರಿ ಹೇಳಿ ಅಂತ. ಉತ್ತರ ಎರಡೇ. ಜ್ಯೂರಿಯಲ್ಲಿ ಕೂರುವುದು, ಫೆಡರಲ್ ಅಂದರೆ ಕೇಂದ್ರ ಸರ್ಕಾರದ ಚುನಾವಣೆಯಲ್ಲಿ ವೋಟ್ ಹಾಕುವುದು. ಅದನ್ನು ನೀನೇ ನನಗೆ ಬಾಯಿಪಾಠ ಮಾಡಿಸಿದ್ದು.

ನಾನು ಒಂದು ಸಲ ಪೂರ್ತಿ ಕೂತಿದ್ದೇನೆ. ಕುಡಿದು ಗಾಡಿ ಓಡಿಸಿದ ಕೇಸು. ಮೊದಲ ದಿನ ಒಂದು ದೊಡ್ಡ ಹಾಲಿನಲ್ಲಿ ಕಾದದ್ದೇ ಕಾದದ್ದು, ಆಮೇಲೆ ಕರೆದು ಪ್ರಶ್ನೆ ಕೇಳಿದರು. ನನಗೆ ಒಳಗೊಳಗೇ ಇದ್ದ ಭಯ ನನ್ನ ಇಂಗ್ಲಿಷಿನದು. ಈ ಉಚ್ಚಾರಣೆ ಕೇಳಿ ಎಲ್ಲರ ಮುಂದೆ ಎಬ್ಬಿಸಿ ಕಳಿಸಿದರೆ ಏನು ಅವಮಾನ ಅಂತ. ಆಮೇಲೆ ಗೊತ್ತಾಯಿತು, ವಕೀಲರು ಕಾರಣ ಹೇಳದೆ ಕೆಲವರನ್ನು ಬೇಡ ಅನ್ನಬಹುದು, ಆದರೆ ಕ್ರಿಮಿನಲ್ ಕೇಸಿನಲ್ಲಿ 2022ರಿಂದ ಕ್ಯಾಲಿಫೋರ್ನಿಯಾ ಕಾನೂನು ಅದಕ್ಕೆ ಕಡಿವಾಣ ಹಾಕಿದೆ. ಇಂಗ್ಲಿಷ್ ಇವರ ತಾಯಿನುಡಿ ಅಲ್ಲ, ಇವರಿಗೆ ಬೇರೆ ಭಾಷೆ ಬರುತ್ತದೆ ಅನ್ನುವ ಕಾರಣಕ್ಕೆ ತೆಗೆದರೆ ಅದು ಸರಿಯಾದ ಕಾರಣ ಅಲ್ಲ ಅಂತಲೇ ಕೋರ್ಟ್ ಮೊದಲು ಭಾವಿಸಬೇಕು. ವಿಷಯ ಅರ್ಥ ಆಗುವಷ್ಟು ಇಂಗ್ಲಿಷ್ ಬೇಕು, ಅಷ್ಟೇ.

ವಿಚಾರಣೆ ನಾಲ್ಕು ದಿನ. ಸಿಕ್ಕಿಬಿದ್ದ ಹುಡುಗನಿಗೆ ನಮ್ಮ ಪುಟ್ಟನದೇ ವಯಸ್ಸು. ಅವನು ಸಾಕ್ಷಿ ಹೇಳಲಿಲ್ಲ, ಬಾಯೇ ಬಿಡಲಿಲ್ಲ. ಕೊನೆಗೆ ನಮ್ಮ ಹನ್ನೆರಡು ಜನರನ್ನು ಒಂದು ರೂಮಿಗೆ ಕಳಿಸಿ ಬಾಗಿಲು ಹಾಕಿದರು. ಅಲ್ಲಿ ಒಬ್ಬ ಹಿರಿಯರು ಕೇಳಿದರು, ತಪ್ಪು ಮಾಡದವನಿಗೆ ಎದ್ದು ನಿಂತು ಹೇಳುವುದಕ್ಕೆ ಏನು ಕಷ್ಟ ಅಂತ. ನನ್ನ ಮನಸ್ಸಿನಲ್ಲೂ ಅದೇ ಇತ್ತು, ನಿಜ ಹೇಳುತ್ತೇನೆ. ಆಗ ಮೂಲೆಯಲ್ಲಿ ಕೂತಿದ್ದ ಒಂದು ಹುಡುಗಿ, ಅಂಗಡಿಯಲ್ಲಿ ಕೆಲಸ ಮಾಡುವವಳು, ಜಡ್ಜ್ ಕೊಟ್ಟ ಹಾಳೆಯನ್ನು ಎತ್ತಿಕೊಂಡು ನಿಧಾನವಾಗಿ ಓದಿದಳು. ಆರೋಪಿ ಸುಮ್ಮನಿರುವುದು ಅವನ ಹಕ್ಕು, ಅದನ್ನು ಅವನ ವಿರುದ್ಧ ಲೆಕ್ಕಕ್ಕೆ ಹಿಡಿಯಬಾರದು, ಅದರ ಬಗ್ಗೆ ನೀವು ಮಾತಾಡಲೂ ಬಾರದು ಅಂತ ಇತ್ತು ಅದರಲ್ಲಿ. ರೂಮು ತಣ್ಣಗಾಯಿತು. ಅಲ್ಲಿಂದ ಸಾಕ್ಷಿಯನ್ನು ಮಾತ್ರ ನೋಡಿದೆವು. ಮೊದಲು ಕೈ ಎತ್ತಿದಾಗ ಎಂಟು ಜನ ಒಂದು ಕಡೆ, ನಾವು ನಾಲ್ಕು ಜನ ಇನ್ನೊಂದು ಕಡೆ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಜನ ಒಂದಾದೆವು, ಅವನ ರಕ್ತದಲ್ಲಿ ಆಲ್ಕೋಹಾಲ್ ಕಾನೂನಿನ ಮಿತಿಯಾದ ಶೇಕಡಾ 0.08ಕ್ಕಿಂತ ಜಾಸ್ತಿ ಇದ್ದದ್ದು ಸಾಬೀತಾಗಿದೆ ಅಂತ. ತೀರ್ಪು ಓದುವಾಗ ಆ ಹುಡುಗನ ಅಮ್ಮ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮನೆಗೆ ಬಂದು ಎರಡು ದಿನ ನನಗೆ ಊಟ ಸೇರಲಿಲ್ಲ. ಆದರೂ ನಾವು ಸರಿಯಾಗಿ ಮಾಡಿದೆವು ಅಂತ ಇವತ್ತಿಗೂ ಅನ್ನಿಸುತ್ತದೆ.

ಎಲ್ಲರೂ ಒಪ್ಪಲೇಬೇಕು ಅನ್ನುವುದು ಸಣ್ಣ ವಿಷಯ ಅಲ್ಲ ಸಣ್ಣಣ್ಣ. ಲೂಸಿಯಾನ ಮತ್ತು ಆರೆಗನ್ ರಾಜ್ಯಗಳಲ್ಲಿ ಹತ್ತು ಜನ ಒಪ್ಪಿದರೆ ಸಾಕು ಅಂತ ಬಹಳ ಕಾಲ ಇತ್ತು. ಲೂಸಿಯಾನದಲ್ಲಿ ಆ ನಿಯಮ ಬಂದದ್ದೇ ಕಪ್ಪು ಜನ ಜ್ಯೂರಿಯಲ್ಲಿ ಕೂತರೂ ಅವರ ಮಾತು ನಡೆಯದಿರಲಿ ಅಂತ. ಅಲ್ಲಿ ರಾಮೋಸ್ ಅನ್ನುವವರಿಗೆ ಹತ್ತು ಜನ ತಪ್ಪಿತಸ್ಥ, ಇಬ್ಬರು ಅಲ್ಲ ಅಂದರೂ ಜೀವಾವಧಿ ಶಿಕ್ಷೆ ಆಗಿತ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಇದು ನಡೆಯುವುದಿಲ್ಲ ಅಂದಿತು. ಈಗ ದೊಡ್ಡ ಅಪರಾಧದ ಕೇಸಿನಲ್ಲಿ ಒಬ್ಬರು ಒಪ್ಪದಿದ್ದರೂ ಶಿಕ್ಷೆ ಇಲ್ಲ. ಆ ಒಬ್ಬರು ನೀನಾಗಿರಬಹುದು. ನಾಳೆ ನಮ್ಮವರೊಬ್ಬರು ಆರೋಪಿ ಜಾಗದಲ್ಲಿ ಕೂತರೆ, ಆ ಹನ್ನೆರಡು ಕುರ್ಚಿಯಲ್ಲಿ ನಮ್ಮ ತರಹದ ಮುಖ ಒಂದಾದರೂ ಇರಲಿ ಅಂತ ನಾವೇ ಬಯಸುತ್ತೇವೆ ಅಲ್ವಾ? ನಾವೆಲ್ಲ ಕೆಲಸ ಇದೆ, ಮೀಟಿಂಗ್ ಇದೆ ಅಂತ ತಪ್ಪಿಸಿಕೊಂಡರೆ ಎಲ್ಲಿಂದ ಬರುತ್ತದೆ?

ದುಡ್ಡಿನ ಕಷ್ಟ ಇದೆ, ಅದನ್ನು ಒಪ್ಪುತ್ತೇನೆ. ಜ್ಯೂರಿಯಲ್ಲಿ ಕೂತವರಿಗೆ ನಮ್ಮ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಎರಡನೇ ದಿನದಿಂದ ದಿನಕ್ಕೆ 15 ಡಾಲರ್, ಫೆಡರಲ್ ಕೋರ್ಟಿನಲ್ಲಿ 50. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಇದು ಯಾವ ಮೂಲೆಗೆ? ಇದು ಬದಲಾಗಲೇಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಡಿಮೆ ಆದಾಯದವರಿಗೆ ದಿನಕ್ಕೆ 100 ಡಾಲರ್ ಕೊಟ್ಟು ನೋಡಿದರು, ಅದು ಎಲ್ಲ ಕಡೆ ಬರಬೇಕು. ಆದರೆ ನಿನ್ನ ಕಂಪನಿ ಜ್ಯೂರಿ ದಿನಗಳಿಗೂ ಸಂಬಳ ಕೊಡುತ್ತದೆ ಅಂತ ನೀನೇ ಹೇಳಿದ್ದೆ. ಜ್ಯೂರಿಗೆ ಹೋದರು ಅಂತ ಕೆಲಸದಿಂದ ತೆಗೆಯುವ ಹಾಗೂ ಇಲ್ಲ. ನಿಜವಾಗಿ ಆಗದಿದ್ದರೆ ದಿನ ಮುಂದೆ ಹಾಕಿ ಅಂತ ಕೇಳಬಹುದು. ಸುಳ್ಳು ಯಾಕೆ?

ಇನ್ನೊಂದು ಮರೆಯುತ್ತಿದ್ದೆ. "ನೀವು ಜ್ಯೂರಿಗೆ ಬರಲಿಲ್ಲ, ವಾರಂಟ್ ಆಗಿದೆ, ಗಿಫ್ಟ್ ಕಾರ್ಡಿನಲ್ಲಿ ದುಡ್ಡು ಕಟ್ಟಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ಪೂರ್ತಿ ಮೋಸ. ಕೋರ್ಟು ಯಾವತ್ತೂ ಫೋನಿನಲ್ಲಿ ಹೀಗೆ ದುಡ್ಡು ಕೇಳುವುದಿಲ್ಲ. ಅನುಮಾನ ಬಂದರೆ ಕೋರ್ಟಿನ ವೆಬ್‌ಸೈಟಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ.

ಪುಟ್ಟ, ಆ ಕಾಗದದ ಹಿಂದಿನ ಪುಟದ ಫೋಟೋ ಗ್ರೂಪಿಗೆ ಬೇಡ, ನನಗೊಬ್ಬಳಿಗೇ ಕಳಿಸು. ರಾತ್ರಿ ಎಂಟರ ಮೇಲೆ ಫೋನ್ ಮಾಡು, ಎಲ್ಲಿ ಟಿಕ್ ಮಾಡಬೇಕು ಅಂತ ಒಟ್ಟಿಗೆ ನೋಡೋಣ. ಸಣ್ಣಣ್ಣ, ನಿನಗೆ ಮುಂದಿನ ಸಲ ಬಂದಾಗ ನನಗೆ ಹೇಳು, ಮೊದಲ ದಿನ ಏನು ತೆಗೆದುಕೊಂಡು ಹೋಗಬೇಕು ಅಂತ ತಿಳಿಸುತ್ತೇನೆ. ಒಂದು ಸ್ವೆಟರ್ ಮಾತ್ರ ಮರೆಯಬೇಡ, ಆ ಹಾಲಿನಲ್ಲಿ ವಿಪರೀತ ಎಸಿ.