ಅಪ್‌ಡೇಟ್: ಹೀಲಿಂಗ್ ಜೊತೆ ಡ್ಯಾಮೇಜ್, ಡಿಸಿಪ್ಲಿನ್ ಪ್ರೀಸ್ಟ್ ಆರಿಸಿಕೊಂಡೆ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆನ್‌ಲೈನ್ ಗೇಮ್‌ನಲ್ಲಿ ಒಂದೇ ಪಾತ್ರದಲ್ಲಿ ಹೀಲಿಂಗ್ (ಜೊತೆಗಾರರ ಗಾಯ ವಾಸಿ ಮಾಡುವುದು), ಡ್ಯಾಮೇಜ್ (ಶತ್ರುವಿಗೆ ಏಟು ಕೊಡುವುದು) ಎರಡೂ ಮಾಡಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಹೋಲಿ ಪ್ಯಾಲಡಿನ್, ಮಿಸ್ಟ್‌ವೀವರ್ ಮಂಕ್ ಅನ್ನುವ ಹೀಲರ್ ಪಾತ್ರಗಳೆರಡನ್ನೂ ಆಡಿ ನೋಡಿದೆ, ಚೆನ್ನಾಗಿವೆ. ಆದರೆ ಮನಸ್ಸು ನಿಂತಿದ್ದು ಡಿಸಿಪ್ಲಿನ್ ಪ್ರೀಸ್ಟ್ ಮೇಲೆ.

ಇದರ ಜೀವಾಳ ಅಟೋನ್‌ಮೆಂಟ್ ಅನ್ನುವ, ಸ್ವಲ್ಪ ಹೊತ್ತು ಮಾತ್ರ ಇರುವ ಮಂತ್ರದ ಪರಿಣಾಮ. ಜೊತೆಗಾರನಿಗೆ ಪವರ್ ವರ್ಡ್ ಶೀಲ್ಡ್ ಅನ್ನುವ ರಕ್ಷಣೆಯ ಮಂತ್ರ ಹಾಕಿದರೆ ಅವನ ಮೇಲೆ ಅಟೋನ್‌ಮೆಂಟ್ ಕೂರುತ್ತದೆ. ಆಮೇಲೆ ನಾವು ಶತ್ರುವಿಗೆ ಕೊಟ್ಟ ಏಟಿನ ಒಂದು ಪಾಲು ಅವನಿಗೆ ಹೀಲಿಂಗ್ ಆಗಿ ಸಿಗುತ್ತದೆ. ಹಲವರಿಗೆ ಒಟ್ಟಿಗೆ ಅಟೋನ್‌ಮೆಂಟ್ ಬೇಕಾದರೆ ಪವರ್ ವರ್ಡ್ ರೇಡಿಯನ್ಸ್ ಮಂತ್ರ ಇದೆ. ಈ ಪದ್ಧತಿ ಬಂದಿದ್ದು 2016ರಲ್ಲಿ ಬಂದ ಗೇಮ್‌ನ ಲೀಜನ್ ವಿಸ್ತರಣೆಯಲ್ಲಿ.

ಎಲ್ಲ ಇರುವುದು ಟೈಮಿಂಗ್‌ನಲ್ಲಿ. ಬಾಸ್‌ನ (ಬಲಿಷ್ಠ ಮುಖ್ಯ ಶತ್ರುವಿನ) ದೊಡ್ಡ ಏಟು ಬೀಳುವ ಮೊದಲೇ ಅಟೋನ್‌ಮೆಂಟ್ ಹಾಕಿರಬೇಕು. ಏಟು ಬಿದ್ದ ಕೂಡಲೇ ಪೆನನ್ಸ್, ಸ್ಮೈಟ್ ಅನ್ನುವ ಏಟಿನ ಮಂತ್ರಗಳು ಶುರು. ಎಲ್ಲರ ಹೆಲ್ತ್ ಬಾರ್ ಒಟ್ಟಿಗೆ ಮೇಲೇರುವುದನ್ನು ನೋಡುವುದೇ ಖುಷಿ! ಯಾರಾದರೂ ಒಬ್ಬರು ಸಾಯುವ ಹಾಗಿದ್ದರೆ ಮಾತ್ರ ಪೆನನ್ಸ್ ಅನ್ನು ಹೀಲಿಂಗ್ ಆಗಿ ನೇರ ಅವರಿಗೇ ಕೊಡುತ್ತೇನೆ.

ಹೇಸ್ಟ್ (ಮಂತ್ರ ಹಾಕುವ ವೇಗ ಹೆಚ್ಚಿಸುವ ಗುಣ) ಇರುವ ಗೇರ್ ಹುಡುಕು ಅಂದವರ ಮಾತು ನಿಜ. ಅಟೋನ್‌ಮೆಂಟ್ ಮುಗಿಯುವಷ್ಟರಲ್ಲಿ ಜಾಸ್ತಿ ಏಟು ಕೊಡಬಹುದು. ಸುಮ್ನೆ ಹೀಲ್ ಮಾಡುತ್ತಾ ನಿಲ್ಲುವುದು ಬೇಜಾರು ಅನ್ನುವವರು ಇದನ್ನು ಖಂಡಿತ ಆಡಿ ನೋಡಿ.