ಆಂಟಿ-ಚೀಟ್ ಲೋಡ್ ಆಗ್ತಿಲ್ಲ, ಗೇಮ್ ತೆರೆಯೋ ಮೊದಲೇ ಮುಚ್ಚಿಕೊಳ್ಳುತ್ತಿದೆ

ಪ್ರಶ್ನೆ:
ಪ್ಲೇ ಒತ್ತಿದರೆ ಆಂಟಿ-ಚೀಟ್‌ನ (ಆಟದಲ್ಲಿ ಮೋಸ ತಡೆಯೋ ಸಾಫ್ಟ್‌ವೇರ್) ಚಿಕ್ಕ ವಿಂಡೋ ಬರುತ್ತದೆ, ಲೋಡಿಂಗ್ ಪಟ್ಟಿ ಅರ್ಧದವರೆಗೆ ತುಂಬುತ್ತದೆ, ಆಮೇಲೆ ಎಲ್ಲ ಮಾಯ. ಒಂದೊಂದು ಸಲ "ಡ್ರೈವರ್ ಲೋಡ್ ಆಗಲಿಲ್ಲ" ಅಂತ ಎರರ್, ಒಂದೊಂದು ಸಲ ಅದೂ ಇಲ್ಲ. 90 ಜಿಬಿ ಗೇಮನ್ನು ಎರಡು ಸಲ ಅಳಿಸಿ ಮತ್ತೆ ಹಾಕಿದೆ. ಫೈಲ್ ವೆರಿಫೈ ಆಯಿತು, ಆಂಟಿವೈರಸ್ ಆಫ್ ಮಾಡಿದ್ದೂ ಆಯಿತು. ವಿಂಡೋಸ್ 11. ಬೇರೆ ಗೇಮ್‌ಗಳೆಲ್ಲ ಆರಾಮಾಗಿ ಓಡುತ್ತಿವೆ. ಇನ್ನು ವಿಂಡೋಸನ್ನೇ ಹೊಸದಾಗಿ ಹಾಕೋದೊಂದು ಬಾಕಿ. ಹಾಕಿಬಿಡಲಾ?

ಉತ್ತರ:
ಬೇಡ, ತಡೀರಿ. ಮೊದಲು ಆಂಟಿವೈರಸ್ ಮತ್ತೆ ಆನ್ ಮಾಡಿ. ಆಮೇಲೆ ಡೆಸ್ಕ್‌ಟಾಪ್‌ನ ಬಲಗಡೆ ಕೆಳಮೂಲೆ ನೋಡಿ. ಗಡಿಯಾರದ ಮೇಲೆ ಸಣ್ಣ ಅಕ್ಷರದಲ್ಲಿ "ಟೆಸ್ಟ್ ಮೋಡ್" ಅಂತ ಏನಾದರೂ ಇದೆಯಾ? ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬಯೋಸ್ ಮೋಡ್ (ಕಂಪ್ಯೂಟರ್ ಶುರುವಾಗೋ ವಿಧಾನ), ಸೆಕ್ಯೂರ್ ಬೂಟ್ ಸ್ಟೇಟ್ (ಶುರುವಾಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಬಿಡೋ ಕಾವಲು), ಈ ಎರಡು ಸಾಲಿನಲ್ಲಿ ಏನಿದೆ ಅಂತಲೂ ಹೇಳಿ.

ಪ್ರಶ್ನೆ ಕೇಳಿದವರು:
ಅಯ್ಯೋ, ಹೌದು! ಎಷ್ಟೋ ತಿಂಗಳಿಂದ ಇದೆ. ಆಕ್ಟಿವೇಶನ್‌ದೇನೋ ಇರಬೇಕು ಅಂತ ಸುಮ್ನಿದ್ದೆ. ಬಯೋಸ್ ಮೋಡ್ ಯುಇಎಫ್‌ಐ, ಸೆಕ್ಯೂರ್ ಬೂಟ್ ಆಫ್. ಈಗ ನೆನಪಾಯಿತು. ಹಳೇ ಸ್ಟಿಯರಿಂಗ್ ವೀಲ್ ಒಂದಕ್ಕೆ ಡ್ರೈವರ್ ಹಾಕೋವಾಗ ಯಾವುದೋ ವಿಡಿಯೋ ನೋಡಿ ಏನೇನೋ ಆಫ್ ಮಾಡಿದ್ದೆ.

ಉತ್ತರ:
ಅದೇ ಕಾರಣ. ಇಂಥ ಆಂಟಿ-ಚೀಟ್‌ಗಳು ಕರ್ನಲ್ ಮಟ್ಟದಲ್ಲಿ, ಅಂದ್ರೆ ವಿಂಡೋಸ್‌ನ ತಿರುಳಿನಲ್ಲೇ, ಕೂತು ಕಾಯುತ್ತವೆ. ನಂಬಿಕಸ್ಥ ಡಿಜಿಟಲ್ ಸಹಿ (ಯಾರು ಮಾಡಿದ್ದು ಅನ್ನೋ ಗುರುತು) ಇರುವ ಡ್ರೈವರ್ ಮಾತ್ರ ಒಳಗೆ ಬರುತ್ತದೆ ಅನ್ನೋ ಭರವಸೆ ಅದಕ್ಕೆ ಬೇಕು. ಟೆಸ್ಟ್ ಮೋಡ್‌ನಲ್ಲಿ ಯಾರು ಬೇಕಾದರೂ ತಾವೇ ಸಹಿ ಹಾಕಿಕೊಂಡ ಡ್ರೈವರ್ ನುಗ್ಗಿಸಬಹುದು, ಚೀಟ್ ಮಾಡೋರೂ ಕೂಡ. ಹಿತ್ತಲ ಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಕಾವಲು ಹಾಕಿದ ಹಾಗೆ. ಅದಕ್ಕೇ ಅದು ಕೆಲಸವೇ ಬೇಡ ಅಂತ ಎದ್ದು ಹೋಗುತ್ತದೆ. ಗೇಮನ್ನು ಹತ್ತು ಸಲ ಹಾಕಿದರೂ ಇದು ಬದಲಾಗಲ್ಲ.

ಶುರು ಮಾಡೋ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದೆಯಾ ನೋಡಿ. ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಅದನ್ನು ಸಸ್ಪೆಂಡ್ ಮಾಡಿ. ಇದನ್ನು ಮರೆತವರು ನೀಲಿ ಪರದೆ ಮುಂದೆ ಕೂತು ಕೀ ಹುಡುಕಬೇಕಾಗುತ್ತದೆ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "bcdedit /set testsigning off" ಕೊಡಿ. ರೀಸ್ಟಾರ್ಟ್ ಮಾಡಿದರೆ ಮೂಲೆಯ ಬರಹ ಹೋಗುತ್ತದೆ. ಕೊನೆಗೆ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯೋ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ ಆನ್ ಮಾಡಿ. ಆನ್ ಮಾಡಿದರೂ ವಿಂಡೋಸ್‌ನಲ್ಲಿ ಆಫ್ ಅಂತಲೇ ತೋರಿಸಿದರೆ, ಅಲ್ಲೇ ಇರುವ ಫ್ಯಾಕ್ಟರಿ ಕೀಗಳನ್ನು ಮರಳಿ ತರುವ ಆಯ್ಕೆ ಒತ್ತಬೇಕು.

ಇನ್ನೊಬ್ಬರು:
ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ನಿಮ್ಮಲ್ಲಿ ಬಯೋಸ್ ಮೋಡ್ ಯುಇಎಫ್‌ಐ ಬದಲು ಲೆಗಸಿ (ಹಳೇ ವಿಧಾನ) ಅಂತಿದ್ದರೆ ಸೆಕ್ಯೂರ್ ಬೂಟ್ ಕಡೆ ಕೈ ಹಾಕಬೇಡಿ. ಡಿಸ್ಕ್ ಎಂಬಿಆರ್ ಅನ್ನೋ ಹಳೇ ವಿಂಗಡಣೆ ಪದ್ಧತಿಯಲ್ಲಿರುತ್ತದೆ. ಅದನ್ನು ಹೊಸ ಪದ್ಧತಿ ಜಿಪಿಟಿಗೆ ಬದಲಿಸದೆ ಸಿಎಸ್‌ಎಂ (ಹಳೇ ವಿಧಾನದಲ್ಲಿ ಬೂಟ್ ಆಗಲು ಬಿಡೋ ಬಯೋಸ್ ಆಯ್ಕೆ) ಆಫ್ ಮಾಡಿದರೆ ವಿಂಡೋಸೇ ಏಳಲ್ಲ. ನಾನು ಮಾಡಿಕೊಂಡಿದ್ದೀನಿ.

ಪ್ರಶ್ನೆ ಕೇಳಿದವರು:
ಬರಹ ಹೋಯಿತು, ಸೆಕ್ಯೂರ್ ಬೂಟ್ ಆನ್ ಆಯಿತು. ಈಗ ಆಂಟಿ-ಚೀಟ್ ಪಟ್ಟಿ ಪೂರ್ತಿ ತುಂಬುತ್ತದೆ, ಆದರೆ ಯಾವುದೋ ಒಂದು ಡ್ರೈವರ್ ಫೈಲ್ ಹೆಸರು ಹೇಳಿ "ಬ್ಲಾಕ್ ಮಾಡಲಾಗಿದೆ" ಅನ್ನುತ್ತಿದೆ.

ಉತ್ತರ:
ಇದು ಒಳ್ಳೇ ಸುದ್ದಿ, ಕಳ್ಳನ ಹೆಸರು ಸಿಕ್ಕಿತಲ್ಲ. ಫ್ಯಾನ್ ಸ್ಪೀಡ್, ಬಣ್ಣದ ಲೈಟು, ಓವರ್‌ಕ್ಲಾಕಿಂಗ್, ಇಂಥ ಟೂಲ್ ಏನಾದರೂ ಇದೆಯಾ? ಅವುಗಳ ಹಳೇ ಆವೃತ್ತಿಗಳು ತರುವ ಕೆಲವು ಡ್ರೈವರ್‌ಗಳಲ್ಲಿ ತೂತುಗಳಿವೆ. ಅವಕ್ಕೆ ಸಹಿ ಸರಿಯಾಗೇ ಇದ್ದರೂ ಆಂಟಿ-ಚೀಟ್ ಬಿಡಲ್ಲ. ಟೂಲ್ ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದು ರೀಸ್ಟಾರ್ಟ್ ಮಾಡಿ. ಗಡಿಯಾರದ ಪಕ್ಕದ ಟ್ರೇನಲ್ಲಿ ಕ್ಲೋಸ್ ಮಾಡಿದರೆ ಸಾಲದು, ಡ್ರೈವರ್ ಒಳಗೇ ಉಳಿದಿರುತ್ತದೆ.

ಪ್ರಶ್ನೆ ಕೇಳಿದವರು:
ಫ್ಯಾನ್ ಟೂಲೇ! ತೆಗೆದೆ, ಗೇಮ್ ಓಡುತ್ತಿದೆ. ಈಗ ಸ್ಟಿಯರಿಂಗ್ ವೀಲ್ ಸತ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ, ಕೋಡ್ 52.

ಉತ್ತರ:
52 ಅಂದ್ರೆ ಆ ಡ್ರೈವರ್‌ನ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ ಅಂತ. ಸಹಿ ಇರುವ ಹೊಸ ಡ್ರೈವರ್ ಸಿಕ್ಕರೆ ಹಾಕಿ. ಸಿಗದಿದ್ದರೆ ವೀಲೋ ಈ ಗೇಮೋ, ಒಂದನ್ನು ಆರಿಸಿಕೊಳ್ಳಿ.