ಡೆನ್ಮಾರ್ಕ್‌ನ ಗಾಳಿ ವಿದ್ಯುತ್: ಬೆಳೆಸಿದವರು ಯಾರು, ಗಾಳಿ ನಿಂತಾಗ ಗತಿಯೇನು?

ಪ್ರಶ್ನೆ | ಗದಗಿನ ಓದುಗ
ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗವೂ ಇಲ್ಲದ ಡೆನ್ಮಾರ್ಕ್, ತಾನು ಬಳಸುವ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗಾಳಿಯಿಂದಲೇ ಪಡೆಯುತ್ತಿದೆ. ಇದು ಸರ್ಕಾರದ ಹಣದಿಂದ ಆದದ್ದೋ, ದೊಡ್ಡ ಕಂಪನಿಗಳಿಂದಲೋ? ಗಾಳಿ ಬೀಸದ ದಿನ ಅಲ್ಲಿ ಏನು ಮಾಡುತ್ತಾರೆ?

ಉತ್ತರ 1 | ಹಳೆಯ ಎಂಜಿನಿಯರ್
ಆರಂಭದಲ್ಲಿ ಎರಡೂ ಅಲ್ಲ. ಪೌಲ್ ಲಾ ಕೂರ್ ಎಂಬ ಅಧ್ಯಾಪಕರು ಆಸ್ಕೋವ್ ಎಂಬ ಹಳ್ಳಿಯಲ್ಲಿ 1891ರಲ್ಲೇ ಗಾಳಿಯಂತ್ರದಿಂದ ವಿದ್ಯುತ್ ಉತ್ಪಾದಿಸಿದ್ದರು. 1957ರಲ್ಲಿ ಯೊಹಾನೆಸ್ ಯೂಲ್ ಅವರು ಗೆಡ್ಸರ್‌ನಲ್ಲಿ ನಿಲ್ಲಿಸಿದ 200 ಕಿಲೋವ್ಯಾಟ್‌ನ ಮೂರು ರೆಕ್ಕೆಯ ಯಂತ್ರವೇ ಮುಂದಿನವುಗಳಿಗೆ ಮಾದರಿಯಾಯಿತು. ವೇಗ ಮಿತಿಮೀರಿದಾಗ ರೆಕ್ಕೆಗಳ ತುದಿ ತಾನಾಗಿಯೇ ಅಡ್ಡ ತಿರುಗಿ ಗಾಳಿಗೆ ಎದುರಾಗಿ, ಬ್ರೇಕಿನಂತೆ ಕೆಲಸ ಮಾಡುವ ಸರಳ ಏರ್ಪಾಡು ಅದರಲ್ಲಿತ್ತು. ತನ್ನ ಇಂಧನದ ಶೇ. 90ರಷ್ಟನ್ನು ಆಮದು ತೈಲದಿಂದಲೇ ಪೂರೈಸಿಕೊಳ್ಳುತ್ತಿದ್ದ ದೇಶವನ್ನು 1973ರ ತೈಲ ಬಿಕ್ಕಟ್ಟು ಕಂಗೆಡಿಸಿದಾಗ, ಬಡಗಿಗಳೂ ಕಮ್ಮಾರರೂ ಕೃಷಿ ಉಪಕರಣ ತಯಾರಕರೂ ಇದೇ ಮಾದರಿಯನ್ನು ಹಿಡಿದು ಸಣ್ಣ ಯಂತ್ರಗಳಿಂದ ಮೇಲೇರಿದರು. ಒಂದೇ ನೆಗೆತಕ್ಕೆ 3 ಮೆಗಾವ್ಯಾಟ್‌ಗೆ ಕೈಹಾಕಿದ ಜರ್ಮನಿಯ ಗ್ರೋವಿಯಾನ್ ಯಂತ್ರವನ್ನು ಕೆಲವೇ ವರ್ಷಗಳಲ್ಲಿ ಕಳಚಬೇಕಾಯಿತು. ಸರ್ಕಾರದ ಪಾತ್ರ ಬಂದದ್ದು ನಂತರ: 1979ರಿಂದ ಯಂತ್ರ ಕೊಳ್ಳುವವರಿಗೆ ಸಹಾಯಧನ, ಅದಕ್ಕೆ ಗಾಳಿಯಂತ್ರಗಳನ್ನು ಪರೀಕ್ಷಿಸುವ ರಿಸೋ ಕೇಂದ್ರದ ಒಪ್ಪಿಗೆಯ ಷರತ್ತು. ಹಣಕ್ಕಿಂತ ಆ ಷರತ್ತೇ ಹೆಚ್ಚು ಉಪಕಾರ ಮಾಡಿತೆಂದು ನನ್ನ ಅಭಿಪ್ರಾಯ.

ಉತ್ತರ 2 | ಗ್ರಿಡ್ ವೀಕ್ಷಕ
ಎರಡನೆಯ ಪ್ರಶ್ನೆಗೆ ಉತ್ತರ ನೆರೆಯ ದೇಶಗಳಲ್ಲಿದೆ. ಗಾಳಿ ಜೋರಾಗಿದ್ದಾಗ ಡೆನ್ಮಾರ್ಕ್ ಸಮುದ್ರದಡಿಯ ಕೇಬಲ್ ಮೂಲಕ ನಾರ್ವೆಗೆ ವಿದ್ಯುತ್ ಮಾರುತ್ತದೆ. ಆಗ ನಾರ್ವೆ ತನ್ನ ಜಲಾಶಯದ ನೀರನ್ನು ಹಾಗೆಯೇ ಉಳಿಸಿಕೊಂಡು, ಗಾಳಿ ಬಿದ್ದಾಗ ಆ ನೀರಿನಿಂದಲೇ ವಿದ್ಯುತ್ ಕಳುಹಿಸುತ್ತದೆ. ಸ್ವೀಡನ್, ಜರ್ಮನಿ, ನೆದರ್ಲೆಂಡ್ಸ್‌ಗಳೊಂದಿಗೂ, 2023ರಿಂದ ಬ್ರಿಟನ್ನಿನೊಂದಿಗೂ ಸಂಪರ್ಕವಿದೆ. ಈ ನಂಟಿಲ್ಲದ ದ್ವೀಪರಾಷ್ಟ್ರವೊಂದು ಡೆನ್ಮಾರ್ಕನ್ನು ಅನುಕರಿಸಲು ಹೊರಟರೆ ಲೆಕ್ಕ ತಪ್ಪುತ್ತದೆ.

ಗದಗಿನ ಓದುಗ
ಧನ್ಯವಾದಗಳು. ನಮ್ಮ ಕಡೆ ರೈತರು ಜಮೀನನ್ನು ಮಾರುತ್ತಾರೆ ಅಥವಾ ಗುತ್ತಿಗೆಗೆ ಕೊಡುತ್ತಾರೆ, ಅಲ್ಲಿಗೆ ಅವರ ಸಂಬಂಧ ಮುಗಿಯುತ್ತದೆ. ಅಲ್ಲಿಯೂ ಹೀಗೆಯೇ?

ಉತ್ತರ 3 | ಸಹಕಾರಿ
ಹಾಗಿರಲಿಲ್ಲ. ಊರಿನವರೇ ಕೂಡಿ ಸಂಘ ಕಟ್ಟಿಕೊಂಡು ಯಂತ್ರದ ಒಡೆಯರಾಗುತ್ತಿದ್ದರು. ಕೋಪನ್‌ಹೇಗನ್ ಬಂದರಿನ ಹೊರಗೆ 2000ದಲ್ಲಿ ನಿಂತ ಮಿಡೆಲ್‌ಗ್ರುಂಡೆನ್‌ನ 20 ಯಂತ್ರಗಳಲ್ಲಿ 10, ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದಾಗಿದ್ದವು. ಮುಂದೆ ಯೋಜನೆಗಳು ಬೃಹತ್ತಾದಂತೆ ಕಂಪನಿಗಳ ಕೈ ಮೇಲಾಯಿತು. ಅದನ್ನು ಸರಿದೂಗಿಸಲು, ಹೊಸ ಯಂತ್ರದಿಂದ 4.5 ಕಿ.ಮೀ. ಒಳಗಿನ ನಿವಾಸಿಗಳಿಗೆ ಮೊದಲ ಆದ್ಯತೆಯಿಂದ ಶೇ. 20ರಷ್ಟು ಷೇರು ಕೊಳ್ಳಲು ಅವಕಾಶ ಕೊಡಬೇಕೆಂಬ ಕಾಯ್ದೆ ಬಂದರೂ ಆ ಅಂಶವನ್ನು ನಂತರ ಕೈಬಿಡಲಾಯಿತು. ಕಂಪನಿಗಳನ್ನೇ ನೆಚ್ಚಿದ ದಾರಿಯೂ ಸುಗಮವಾಗಿಲ್ಲ: ಉತ್ತರ ಸಮುದ್ರದ 3 ಗಿಗಾವ್ಯಾಟ್‌ಗೆ ಸಹಾಯಧನವಿಲ್ಲದೆ ಕರೆದ ಟೆಂಡರ್‌ಗೆ 2024ರ ಡಿಸೆಂಬರ್‌ನಲ್ಲಿ ಒಂದೂ ಬಿಡ್ ಬರಲಿಲ್ಲ. ಮರುವರ್ಷ ಸರ್ಕಾರ ಸಹಾಯಧನದೊಂದಿಗೆ ಮತ್ತೆ ಟೆಂಡರ್ ಕರೆಯಲು ನಿರ್ಧರಿಸಿತು.